ಸುತ್ತಿಗೆ ಹಿಡಿದ ದೇವರು ಪರದೆಗೆ ಬಂದಾಗ

1971ರ ಏಪ್ರಿಲ್ 21. ಐಸ್‌ಲ್ಯಾಂಡ್ ದೇಶದ ರಾಜಧಾನಿ ರೇಕ್ಯಾವಿಕ್‌ನ ಬಂದರಿನಲ್ಲಿ ಸಾವಿರಾರು ಜನ ಸೇರಿದ್ದರು. ಡೆನ್ಮಾರ್ಕ್‌ನಿಂದ ನೌಕಾಪಡೆಯ ಹಡಗೊಂದು ಬರುವುದಿತ್ತು. ಅದರಲ್ಲಿ ರಾಜರೂ ಇರಲಿಲ್ಲ, ಯುದ್ಧ ಗೆದ್ದು ಬಂದ ಸೈನಿಕರೂ ಇರಲಿಲ್ಲ. ಇದ್ದದ್ದು ಎರಡು ಹಳೆಯ ಪುಸ್ತಕಗಳು. ಒಂದು ರಾಷ್ಟ್ರ ಕೆಲಸ ಬಿಟ್ಟು ಬಂದರಿಗೆ ಹೋಗಿ ನಿಂತದ್ದು ಎರಡು ಪುಸ್ತಕಗಳನ್ನು ಬರಮಾಡಿಕೊಳ್ಳಲು!

ಆ ಎರಡರಲ್ಲಿ ಒಂದು ನೋಡಲು ತೀರಾ ಸಣ್ಣದು. ಉಳಿದಿರುವುದು ಚರ್ಮದ 45 ಹಾಳೆಗಳು. ನಡುವಿನ ಎಂಟು ಹಾಳೆಗಳು ಯಾವಾಗಲೋ ಕಳೆದುಹೋಗಿವೆ. 1270ರ ಆಸುಪಾಸಿನಲ್ಲಿ ಹೆಸರು ತಿಳಿಯದ ಒಬ್ಬ ಲಿಪಿಕಾರ ಬರೆದ ಪುಸ್ತಕವಿದು. 1643ರಲ್ಲಿ ಅದು ಬ್ರಿನ್ಯೋಲ್ಫುರ್ ಸ್ವೈನ್ಸನ್ ಎಂಬ ಬಿಷಪ್‌ನ ಕೈಸೇರಿತು. 1662ರಲ್ಲಿ ಡೆನ್ಮಾರ್ಕ್‌ನ ದೊರೆಗೆ ಕಾಣಿಕೆಯಾಗಿ ಹೋಯಿತು. ಮುನ್ನೂರು ವರ್ಷ ಪರದೇಶದಲ್ಲಿದ್ದು ಅಂದು ಮನೆಗೆ ಮರಳಿತು. ಉತ್ತರ ಯುರೋಪಿನ ಜನ ಕ್ರೈಸ್ತರಾಗುವ ಮೊದಲು ನಂಬಿದ್ದ ದೇವರುಗಳ ಬಗ್ಗೆ, ಅಂದರೆ ಓಡಿನ್, ಥಾರ್, ಲೋಕಿ, ಬಾಲ್ಡರ್ ಮೊದಲಾದವರ ಬಗ್ಗೆ ನಮಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ಈ ಹಾಳೆಗಳಿಂದಲೇ ಬಂದದ್ದು.

ಇಂದು ನಮ್ಮ ಮನೆಯ ಮಕ್ಕಳಿಗೂ ಥಾರ್ ಗೊತ್ತು. ಹೊಂಬಣ್ಣದ ಕೂದಲು, ಕೆಂಪು ಮೇಲ್ವಸ್ತ್ರ, ಎಸೆದರೆ ತಿರುಗಿ ಕೈಗೆ ಬರುವ ಸುತ್ತಿಗೆ. ಅವನ ತಮ್ಮ ಲೋಕಿ, ಅಕ್ಕ ಹೆಲಾ, ತಂದೆ ಓಡಿನ್. ಈ ಪರಿಚಯ ಆದದ್ದು ಆ 45 ಹಾಳೆಗಳಿಂದಲ್ಲ. 2011, 2013, 2017 ಮತ್ತು 2022ರಲ್ಲಿ ಬಂದ ನಾಲ್ಕು ಥಾರ್ ಚಿತ್ರಗಳಿಂದ ಮತ್ತು ಅವುಗಳ ಜೊತೆಗೆ ಬಂದ ಅವೆಂಜರ್ಸ್ ಚಿತ್ರಗಳಿಂದ. ತಮಾಷೆಯೆಂದರೆ, ಮೇಲೆ ಹೇಳಿದ ಸಂಬಂಧಗಳಲ್ಲಿ ಮೂಲದಲ್ಲಿ ಇರುವುದು ಒಂದೇ: ಥಾರ್ ಓಡಿನ್‌ನ ಮಗ. ಲೋಕಿ ಅವನ ತಮ್ಮನಲ್ಲ. ಹೆಲಾ ಅವನ ಅಕ್ಕನೂ ಅಲ್ಲ.

ಹಾಗಾದರೆ ಸಿನಿಮಾದವರು ಪುರಾಣವನ್ನು ಕೆಡಿಸಿದರೇ? ಈ ಪ್ರಶ್ನೆಗೆ ಹೌದು ಎಂದು ಹೇಳಿ ಮುಗಿಸುವುದು ಸುಲಭ. ಆದರೆ ಇತಿಹಾಸವನ್ನು ಸ್ವಲ್ಪ ಕೆದಕಿದರೆ, ಈ ಕಥೆಗಳನ್ನು ಮೊದಲು ಬರೆದಿಟ್ಟವನೇ ಅವುಗಳನ್ನು ತಿದ್ದಿದ್ದ ಎಂಬುದು ಕಾಣುತ್ತದೆ.

ನಂಬದವರು ಬರೆದ ಪುರಾಣ

ಈ ದೇವರುಗಳನ್ನು ನಂಬಿದ್ದ ಜನರಿಗೆ ಧರ್ಮಗ್ರಂಥವೆಂಬುದು ಇರಲಿಲ್ಲ. ರೂನ್ ಎಂಬ ಲಿಪಿ ಇತ್ತು. ಅದನ್ನು ಕಲ್ಲಿನ ಮೇಲೆ, ಮರದ ಮೇಲೆ ನಾಲ್ಕು ಮಾತು ಕೆತ್ತಲು ಬಳಸುತ್ತಿದ್ದರು. ಕಥೆಗಳೆಲ್ಲ ಬಾಯಿಂದ ಬಾಯಿಗೆ ಸಾಗಿದವು. ಕ್ರಿ.ಶ. 1000ದ ಸುಮಾರಿಗೆ ಐಸ್‌ಲ್ಯಾಂಡ್‌ನ ಜನಸಭೆಯಲ್ಲಿ ಧರ್ಮದ ಪ್ರಶ್ನೆ ಎದ್ದಿತು. ಕ್ರೈಸ್ತರಾದವರು ಒಂದು ಕಡೆ, ಹಳೆಯ ನಂಬಿಕೆಯವರು ಇನ್ನೊಂದು ಕಡೆ. ಕತ್ತಿ ಹೊರಗೆ ಬರುವ ಸ್ಥಿತಿ. ತೀರ್ಪು ಹೇಳುವ ಹೊಣೆ ಬಿದ್ದದ್ದು ತಾನೇ ಹಳೆಯ ನಂಬಿಕೆಯವನಾಗಿದ್ದ ಥೋರ್ಗೈರ್ ಎಂಬ ಹಿರಿಯನ ಮೇಲೆ. ಅವನು ಒಂದು ಹಗಲು ಒಂದು ರಾತ್ರಿ ಕಂಬಳಿ ಹೊದ್ದು ಮಲಗಿ ಯೋಚಿಸಿದನಂತೆ. ಮರುದಿನ ಎದ್ದು, ನಾಡಿಗೆ ಒಂದೇ ಕಾನೂನು ಇರಬೇಕು, ಎಲ್ಲರೂ ಕ್ರೈಸ್ತರಾಗಬೇಕು ಎಂದು ಸಾರಿದ. ರಕ್ತ ಹರಿಯಲಿಲ್ಲ.

ಇದಾಗಿ ಇನ್ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಸ್ನೋರಿ ಸ್ಟರ್ಲುಸನ್ ಬಂದ. 1179ರಲ್ಲಿ ಹುಟ್ಟಿದವನು. ಶ್ರೀಮಂತ, ಕವಿ, ರಾಜಕಾರಣಿ. ಕ್ರೈಸ್ತ ಮನೆತನದವನು. 1220ರ ಹೊತ್ತಿಗೆ ಅವನು ‘ಎಡ್ಡಾ’ ಎಂಬ ಪುಸ್ತಕ ಬರೆದು ಹಳೆಯ ದೇವರುಗಳ ಕಥೆಗಳನ್ನು ಒಂದೆಡೆ ಸೇರಿಸಿದ. ಅವನ ಉದ್ದೇಶ ಹಳೆಯ ಧರ್ಮದ ಪ್ರಚಾರವಲ್ಲ, ಕಾವ್ಯವನ್ನು ಉಳಿಸುವುದು. ಆ ಭಾಷೆಯ ಕವಿಗಳು ವಸ್ತುವಿನ ಹೆಸರನ್ನು ನೇರವಾಗಿ ಹೇಳುತ್ತಿರಲಿಲ್ಲ. ಚಿನ್ನ ಎನ್ನುವ ಬದಲು ‘ಸಿಫ್‌ಳ ಕೂದಲು’ ಎನ್ನುತ್ತಿದ್ದರು. ಸಿಫ್ ಯಾರು, ಆಕೆಯ ಕೂದಲು ಚಿನ್ನದ್ದಾದದ್ದು ಹೇಗೆ ಎಂಬ ಕಥೆ ಗೊತ್ತಿಲ್ಲದವನಿಗೆ ಪದ್ಯ ಅರ್ಥವಾಗುವುದಿಲ್ಲ. ಉರ್ದು ಓದಿದವರಿಗೆ ಈ ಕಷ್ಟ ಬೇಗ ತಿಳಿಯುತ್ತದೆ. ಜಮ್‌ಶೀದನ ಬಟ್ಟಲು, ಫರ್ಹಾದನ ಗುದ್ದಲಿ, ಮಜ್ನೂನನ ಮರುಭೂಮಿ ಗೊತ್ತಿಲ್ಲದವನಿಗೆ ಗಝಲ್ ಅರ್ಧವಷ್ಟೇ ಕೇಳಿಸುತ್ತದೆ.

ಆದರೆ ಕ್ರೈಸ್ತನಾದ ಸ್ನೋರಿ ಬೇರೆ ದೇವರುಗಳ ಕಥೆ ಹೇಳುವುದು ಹೇಗೆ? ಅದಕ್ಕವನು ಒಂದು ಉಪಾಯ ಹೂಡಿದ. ಪುಸ್ತಕದ ಮುನ್ನುಡಿಯಲ್ಲಿ, ಇವರು ನಿಜವಾಗಿ ದೇವರುಗಳಲ್ಲ, ಏಷ್ಯಾದಿಂದ ಬಂದ ಮನುಷ್ಯರು ಎಂದುಬಿಟ್ಟ. ಟ್ರಾಯ್ ನಗರದ ರಾಜವಂಶದವರು. ಆ ಟ್ರಾಯ್ ಇರುವುದು ತುರ್ಕರ ನಾಡಿನಲ್ಲಿ. ಥಾರ್ ಟ್ರಾಯ್‌ನ ದೊರೆ ಪ್ರಿಯಾಮನ ಮಗಳ ಮಗ. ಅದೇ ವಂಶದಲ್ಲಿ ಮುಂದೆ ಹುಟ್ಟಿದ ಓಡಿನ್ ಜನರನ್ನು ಕಟ್ಟಿಕೊಂಡು ಉತ್ತರಕ್ಕೆ ಬಂದ. ಅಲ್ಲಿನವರು ಅವರ ಚೆಲುವು, ಜ್ಞಾನ ನೋಡಿ ಬೆರಗಾದರು. ದೇವರು ಒಬ್ಬನೇ ಎಂಬ ನಂಬಿಕೆಗೂ ಭಂಗವಿಲ್ಲ, ಕಥೆಗೂ ಭಂಗವಿಲ್ಲ!

ಇಂಥ ಕೆಲಸ ಮಾಡಿದವನು ಸ್ನೋರಿ ಒಬ್ಬನೇ ಅಲ್ಲ. ಅವನಿಗಿಂತ ಇನ್ನೂರು ವರ್ಷ ಮೊದಲು, 1010ರಲ್ಲಿ, ಫಿರ್ದೌಸಿ ‘ಶಾಹನಾಮಾ’ ಮುಗಿಸಿದ. ಇಸ್ಲಾಮಿಗಿಂತ ಹಿಂದಿನ ಇರಾನಿನ ರಾಜರ, ವೀರರ ಕಥೆಗಳನ್ನು ಒಬ್ಬ ಮುಸ್ಲಿಮ್ ಕವಿ ಕಾಪಾಡಿದ. ನಂಬಿಕೆ ಬದಲಾದ ಮೇಲೂ ಅಜ್ಜಂದಿರ ಕಥೆಯನ್ನು ಬಿಸಾಡಬೇಕಾಗಿಲ್ಲ ಎಂಬುದನ್ನು ಈ ಇಬ್ಬರೂ ತೋರಿಸಿದರು. ಸ್ನೋರಿಯ ಕೊನೆ ಮಾತ್ರ ದಾರುಣ. ನಾರ್ವೆಯ ದೊರೆಯ ವಿರೋಧ ಕಟ್ಟಿಕೊಂಡ ಅವನನ್ನು 1241ರಲ್ಲಿ ಅವನ ಮನೆಯ ನೆಲಮಾಳಿಗೆಯಲ್ಲೇ ಕೊಂದರು.

ಬಗ್ದಾದಿನಿಂದ ಬಂದ ಸಾಕ್ಷಿ

ಸ್ನೋರಿ ಬರೆದದ್ದು ಕೇಳಿದ ಮಾತು. ಹಳೆಯ ನಂಬಿಕೆ ಜೀವಂತವಾಗಿದ್ದಾಗ ಅದನ್ನು ಕಣ್ಣಾರೆ ಕಂಡು ಬರೆದವರು ತೀರಾ ಕಡಿಮೆ. ಅವರಲ್ಲಿ ಮುಖ್ಯನಾದವನು ಒಬ್ಬ ಮುಸ್ಲಿಮ್. ಹೆಸರು ಅಹ್ಮದ್ ಇಬ್ನ್ ಫದ್ಲಾನ್.

ಹಿಜರಿ 309ರ ಸಫರ್ ತಿಂಗಳಲ್ಲಿ, ಅಂದರೆ ಕ್ರಿ.ಶ. 921ರ ಜೂನ್‌ನಲ್ಲಿ, ಅಬ್ಬಾಸಿ ಖಲೀಫ ಅಲ್-ಮುಕ್ತದಿರ್ ವೋಲ್ಗಾ ನದಿಯ ದಂಡೆಯ ಬುಲ್ಗಾರ್ ದೊರೆಯ ಬಳಿಗೆ ಒಂದು ನಿಯೋಗ ಕಳಿಸಿದ. ಇಬ್ನ್ ಫದ್ಲಾನ್ ಅದರಲ್ಲಿದ್ದ. 922ರಲ್ಲಿ ಅಲ್ಲಿ ಅವನು ರೂಸ್ ಎಂಬ ವ್ಯಾಪಾರಿಗಳನ್ನು ಕಂಡ. ಇವರು ಸ್ಕ್ಯಾಂಡಿನೇವಿಯ ಮೂಲದವರೆಂದು ಬಹುಪಾಲು ಇತಿಹಾಸಕಾರರು ಒಪ್ಪುತ್ತಾರೆ. ಖರ್ಜೂರದ ಮರದಂತೆ ಎತ್ತರದ ಜನ ಎಂದು ಅವನು ಬರೆದ. ಅವರು ನೆಲದಲ್ಲಿ ನೆಟ್ಟ, ಮನುಷ್ಯನ ಮುಖ ಕೆತ್ತಿದ ಕಂಬಕ್ಕೆ ರೊಟ್ಟಿ, ಮಾಂಸ, ಈರುಳ್ಳಿ ಅರ್ಪಿಸಿ, ಚೌಕಾಸಿ ಮಾಡದ, ಕೈತುಂಬ ದೀನಾರು ದಿರ್ಹಮು ಇರುವ ಗಿರಾಕಿಯನ್ನು ಕಳಿಸು ಎಂದು ಬೇಡುತ್ತಿದ್ದರಂತೆ. ಯಾವ ಊರಿನ ಯಾವ ವ್ಯಾಪಾರಿಯ ಮನಸ್ಸಿನಲ್ಲಿ ಈ ಪ್ರಾರ್ಥನೆ ಇರುವುದಿಲ್ಲ?

ಆಮೇಲೆ ಅವನು ಒಬ್ಬ ಮುಖಂಡನ ಅಂತ್ಯಸಂಸ್ಕಾರವನ್ನು ಕಂಡ. ಶವವನ್ನು ಹಡಗಿನಲ್ಲಿಟ್ಟು ಹಡಗಿನ ಸಮೇತ ಸುಡುವ ಪದ್ಧತಿ. ಮುಖಂಡನ ಮನೆಯವರು ಗುಲಾಮರನ್ನು ಕರೆದು, ಇವನ ಜೊತೆ ಸಾಯುವವರು ಯಾರು ಎಂದು ಕೇಳಿದರು. ಒಬ್ಬ ಹುಡುಗಿ ನಾನು ಎಂದಳು. ಒಮ್ಮೆ ಹೇಳಿದ ಮೇಲೆ ಹಿಂದೆ ಸರಿಯಲು ಬಿಡುತ್ತಿರಲಿಲ್ಲ. ಕೊನೆಯ ದಿನ ಬಾಗಿಲಿನ ಚೌಕಟ್ಟಿನಂಥ ಒಂದು ಕಟ್ಟಿನ ಮೇಲಿಂದ ಆಕೆ ಆಚೆ ಇಣುಕುವಂತೆ ಮೂರು ಸಲ ಎತ್ತಿದರು. ಮೊದಲ ಸಲ ಅಪ್ಪ ಅಮ್ಮ ಕಾಣುತ್ತಾರೆ ಎಂದಳು. ಎರಡನೆಯ ಸಲ ಸತ್ತ ಬಂಧುಗಳು ಕಾಣುತ್ತಾರೆ ಎಂದಳು. ಮೂರನೆಯ ಸಲ, ಹಸಿರಾದ ಸ್ವರ್ಗದಲ್ಲಿ ಒಡೆಯ ಕುಳಿತಿದ್ದಾನೆ, ಕರೆಯುತ್ತಿದ್ದಾನೆ, ಕಳಿಸಿಕೊಡಿ ಎಂದಳು. ಮದ್ಯ ಕುಡಿಸಿದರು. ಆಕೆ ಹಾಡುತ್ತ ತಡ ಮಾಡಿದಳು. ‘ಸಾವಿನ ದೂತೆ’ ಎಂದು ಕರೆಸಿಕೊಳ್ಳುವ ಮುದುಕಿ ಆಕೆಯನ್ನು ಒಳಗೆ ಎಳೆದಳು. ಆಗ ಹೊರಗಿದ್ದ ಗಂಡಸರು ದೊಣ್ಣೆಗಳಿಂದ ಗುರಾಣಿಗಳನ್ನು ಬಡಿಯತೊಡಗಿದರು. ಯಾಕೆಂದರೆ, ಅವಳ ಕೂಗು ಬೇರೆ ಹುಡುಗಿಯರಿಗೆ ಕೇಳಿಸಿದರೆ ಮುಂದೆ ಯಾರೂ ಒಡೆಯನ ಜೊತೆ ಸಾಯಲು ಒಪ್ಪುವುದಿಲ್ಲ. ಈ ಕಾರಣವನ್ನೂ ಇಬ್ನ್ ಫದ್ಲಾನ್ ಬರೆದಿಟ್ಟಿದ್ದಾನೆ. ಹುಡುಗಿಯ ಹೆಸರನ್ನು ಮಾತ್ರ ಬರೆದಿಲ್ಲ.

ಇಲ್ಲಿ ನಾವು ಸಾಕ್ಷಿಯ ಸ್ಥಾನದಲ್ಲಿ ನೆಮ್ಮದಿಯಾಗಿ ಕುಳಿತುಬಿಡುವಂತಿಲ್ಲ. ಸ್ವೀಡನ್‌ನ ಗಾಟ್‌ಲ್ಯಾಂಡ್ ದ್ವೀಪದ ಸ್ಪಿಲ್ಲಿಂಗ್ಸ್ ಎಂಬಲ್ಲಿ 1999ರಲ್ಲಿ ವೈಕಿಂಗ್ ಕಾಲದ ನಿಧಿಯೊಂದು ಸಿಕ್ಕಿತು. ಅದರಲ್ಲಿ 14,000ಕ್ಕೂ ಹೆಚ್ಚು ಬೆಳ್ಳಿ ನಾಣ್ಯಗಳಿದ್ದವು. ಬಹುತೇಕ ಎಲ್ಲವೂ ಮುಸ್ಲಿಮ್ ನಾಡುಗಳ ದಿರ್ಹಮ್‌ಗಳು. ಅವುಗಳ ನಡುವೆ ‘ಮೂಸಾ ರಸೂಲುಲ್ಲಾ’ ಎಂದು ಅರಬಿಯಲ್ಲಿ ಬರೆದ, ಯಹೂದಿ ಧರ್ಮ ಸ್ವೀಕರಿಸಿದ್ದ ಖಝರರು ಅಚ್ಚು ಹಾಕಿಸಿದ ಅಪರೂಪದ ನಾಣ್ಯವೂ ಇತ್ತು. ಬಗ್ದಾದಿನ, ಸಮರಕಂದದ ಬೆಳ್ಳಿ ಅಷ್ಟು ದೂರ ಹೋದದ್ದು ತುಪ್ಪುಳಿನ ಚರ್ಮಕ್ಕೆ ಬೆಲೆಯಾಗಿ, ಮತ್ತು ಗುಲಾಮರಿಗೆ ಬೆಲೆಯಾಗಿ. ಉತ್ತರದವರು ಹಿಡಿದು ತಂದ ಹುಡುಗ ಹುಡುಗಿಯರನ್ನು ಕೊಂಡವರಲ್ಲಿ ನಮ್ಮವರೂ ಇದ್ದರು. ಇಬ್ನ್ ಫದ್ಲಾನ್‌ಗೆ ಆ ಹುಡುಗಿಯ ಸಾವು ಬರೆಯತಕ್ಕ ಸಂಗತಿಯಾಗಿ ಕಂಡಿತು. ಗುಲಾಮರ ಮಾರಾಟವನ್ನು ಅವನು ದಿನನಿತ್ಯದ ವ್ಯಾಪಾರವೆಂಬಂತೆ ದಾಖಲಿಸಿದ.

ನ್ಯೂಯಾರ್ಕಿನ ಯಹೂದಿಗಳ ಥಾರ್

ಡೆನ್ಮಾರ್ಕ್‌ನ ರಾಷ್ಟ್ರೀಯ ವಸ್ತು ಸಂಗ್ರಹಾಲಯದಲ್ಲಿ ಹತ್ತನೇ ಶತಮಾನದ ಒಂದು ಕಲ್ಲಿನ ಅಚ್ಚು ಇದೆ. ಅದೇ ಅಚ್ಚಿನಲ್ಲಿ ಕ್ರೈಸ್ತರ ಶಿಲುಬೆಯನ್ನೂ ಎರಕ ಹೊಯ್ಯಬಹುದು, ಥಾರ್‌ನ ಸುತ್ತಿಗೆಯ ತಾಯಿತವನ್ನೂ ಹೊಯ್ಯಬಹುದು. ಅಕ್ಕಸಾಲಿಗನಿಗೆ ಎರಡೂ ಕಡೆಯ ಗಿರಾಕಿಗಳು ಬೇಕಿತ್ತು. ಆಮೇಲೆ ಶಿಲುಬೆ ಗೆದ್ದಿತು. ಥಾರ್ ಉಳಿದದ್ದು ಜನರ ಬಾಯಲ್ಲಿ ಮತ್ತು ವಾರದ ಹೆಸರಿನಲ್ಲಿ. ನಾವು ಇಂಗ್ಲಿಷಿನಲ್ಲಿ ಥರ್ಸ್‌ಡೇ ಎನ್ನುವುದು ಥಾರ್‌ನ ದಿನವನ್ನೇ. ವೆಡ್ನೆಸ್‌ಡೇ ಎನ್ನುವುದು ಓಡಿನ್‌ನ ದಿನವನ್ನೇ.

ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನಲ್ಲಿ ರಾಷ್ಟ್ರೀಯತೆಯ ಗಾಳಿ ಬೀಸಿದಾಗ ಈ ದೇವರುಗಳು ಮತ್ತೆ ಎದ್ದು ಬಂದರು. 1876ರಲ್ಲಿ ಜರ್ಮನಿಯ ಬೈರೊಯ್ತ್‌ನಲ್ಲಿ ವ್ಯಾಗ್ನರ್ ತನ್ನ ‘ರಿಂಗ್’ ಸಂಗೀತ ನಾಟಕಗಳನ್ನು ಪೂರ್ತಿಯಾಗಿ ಆಡಿಸಿದ. ವೈಕಿಂಗ್ ಎಂದ ಕೂಡಲೇ ಕೊಂಬಿನ ಶಿರಸ್ತ್ರಾಣ ನಮ್ಮ ಕಣ್ಣಿಗೆ ಬರುವುದಕ್ಕೆ ಆ ನಾಟಕದ ವೇಷಭೂಷಣವೇ ದೊಡ್ಡ ಕಾರಣ. ವೈಕಿಂಗರು ಯುದ್ಧದಲ್ಲಿ ಕೊಂಬು ತೊಟ್ಟಿದ್ದಕ್ಕೆ ನೆಲದಡಿಯಿಂದ ಒಂದು ಪುರಾವೆಯೂ ಸಿಕ್ಕಿಲ್ಲ. ನಾಟಕದ ಕೊಂಬಿನಿಂದ ಯಾರಿಗೂ ಕೇಡಾಗಲಿಲ್ಲ. ಆದರೆ ಅದೇ ಪುರಾಣವನ್ನು ನಾಜಿಗಳು ‘ಶುದ್ಧ ರಕ್ತ’ದ ಆಸ್ತಿಪತ್ರವನ್ನಾಗಿ ಮಾಡಿಕೊಂಡರು. ಎಸ್‌ಎಸ್ ಪಡೆಯ ಕೊರಳಪಟ್ಟಿಯ ಮೇಲಿನ ಮಿಂಚಿನಂಥ ಗುರುತು ರೂನ್ ಲಿಪಿಯಿಂದ ತೆಗೆದದ್ದು. ಅದರ ಒಂದು ದಳದ ಹೆಸರೇ ‘ವೈಕಿಂಗ್’.

ಮೂಲ ಕಥೆಗಳನ್ನು ಓದಿದವರಿಗೆ ಇದು ನಗು ತರಿಸಬೇಕು. ಈ ದೇವರುಗಳ ರಕ್ತವೇ ಬೆರಕೆ. ಓಡಿನ್‌ನ ತಾಯಿ ಬೆಸ್ಟ್ಲಾ ದೈತ್ಯರ ಮಗಳು. ಥಾರ್‌ನ ತಾಯಿ ಯೋರ್ದ್, ಅಂದರೆ ಭೂಮಿ. ಆಕೆಯನ್ನೂ ದೈತ್ಯ ಕುಲಕ್ಕೆ ಸೇರಿಸುತ್ತಾರೆ. ಯಾರ ವಿರುದ್ಧ ಸುತ್ತಿಗೆ ಎತ್ತುತ್ತಾರೋ ಅವರೇ ತಾಯಿಯ ಕಡೆಯವರು.

ಯುದ್ಧ ಮುಗಿದು 17 ವರ್ಷವಾಗಿತ್ತು. 1962ರ ಆಗಸ್ಟ್ ತಿಂಗಳ ಗುರುತು ಹೊತ್ತು ಅಮೆರಿಕದಲ್ಲಿ ‘ಜರ್ನಿ ಇನ್‌ಟು ಮಿಸ್ಟರಿ’ ಎಂಬ ಚಿತ್ರಕಥಾ ಪತ್ರಿಕೆಯ 83ನೇ ಸಂಚಿಕೆ ಬಂತು. ಅದರಲ್ಲಿ ಕುಂಟುವ ಒಬ್ಬ ಡಾಕ್ಟರ್ ನಾರ್ವೆಯ ಗುಹೆಯಲ್ಲಿ ಒಂದು ಕೋಲು ಕಾಣುತ್ತಾನೆ. ಅದನ್ನು ಬಂಡೆಗೆ ಬಡಿದಾಗ ಅದು ಸುತ್ತಿಗೆಯಾಗುತ್ತದೆ, ಅವನು ಥಾರ್ ಆಗುತ್ತಾನೆ. ಕಥೆ ಕಟ್ಟಿದವರು ಸ್ಟಾನ್ ಲೀ ಮತ್ತು ಅವನ ತಮ್ಮ ಲ್ಯಾರಿ ಲೀಬರ್, ಚಿತ್ರ ಬರೆದವನು ಜ್ಯಾಕ್ ಕರ್ಬಿ. ಮೂವರೂ ನ್ಯೂಯಾರ್ಕಿನ ಬಡ ವಲಸಿಗ ಯಹೂದಿ ಮನೆಗಳ ಮಕ್ಕಳು. ಕರ್ಬಿಯ ಹುಟ್ಟುಹೆಸರು ಜೇಕಬ್ ಕುರ್ಟ್ಜ್‌ಬರ್ಗ್. ಅವನು 1944ರಲ್ಲಿ ಅಮೆರಿಕದ ಸೈನಿಕನಾಗಿ ಫ್ರಾನ್ಸಿನಲ್ಲಿ ನಾಜಿಗಳ ವಿರುದ್ಧ ಹೋರಾಡಿದವನು. ಯಾರನ್ನು ನಿರ್ನಾಮ ಮಾಡಲು ಹೊರಟವರು ಈ ಪುರಾಣವನ್ನು ತಮ್ಮ ಪತಾಕೆ ಮಾಡಿಕೊಂಡಿದ್ದರೋ, ಅದೇ ಜನಾಂಗದವರು ಅದನ್ನು ಎತ್ತಿಕೊಂಡು ಮಕ್ಕಳ ಕೈಗೆ ಕೊಟ್ಟರು. ಅವರು ಇದನ್ನು ಉದ್ದೇಶವಿಟ್ಟು ಮಾಡಿದರೋ, ಮಾರಾಟಕ್ಕೊಂದು ಹೊಸ ವೀರ ಬೇಕೆಂದು ಮಾಡಿದರೋ, ಆದದ್ದಂತೂ ಇದು.

ಸಿನಿಮಾ ಬದಲಾಯಿಸಿದ್ದೇನು?

ಸಿನಿಮಾಗಳು ಆಧರಿಸಿದ್ದು ಮುಖ್ಯವಾಗಿ ಈ ಚಿತ್ರಕಥೆಗಳನ್ನು. ಹಾಗಾಗಿ ಬದಲಾವಣೆಗಳು ಎರಡು ಕೈ ದಾಟಿ ಬಂದವು.

ಮೂಲದ ಥಾರ್ ಕೆಂಪು ಗಡ್ಡದವನು, ಹೊಟ್ಟೆಬಾಕ, ಎರಡು ಹೋತಗಳ ಗಾಡಿಯಲ್ಲಿ ತಿರುಗುವವನು. ರಾತ್ರಿ ಆ ಹೋತಗಳನ್ನೇ ಕೊಯ್ದು ಉಣ್ಣುತ್ತಾನೆ. ಬೆಳಗ್ಗೆ ಸುತ್ತಿಗೆ ಎತ್ತಿ ಹರಸಿದರೆ ಅವು ಮತ್ತೆ ಎದ್ದು ನಿಲ್ಲುತ್ತವೆ. ಈ ಹೋತಗಳು ಪರದೆಗೆ ಬರಲು 2022ರ ಚಿತ್ರದವರೆಗೆ ಕಾಯಬೇಕಾಯಿತು, ಅದೂ ಅರಚುವ ಹಾಸ್ಯಪಾತ್ರಗಳಾಗಿ. ಸುತ್ತಿಗೆಯನ್ನು ಯೋಗ್ಯನಾದವನು ಮಾತ್ರ ಎತ್ತಬಲ್ಲ ಎಂಬ ನಿಯಮ ಮೂಲದಲ್ಲಿಲ್ಲ. ಅಲ್ಲಿ ಅದು ಕುಬ್ಜ ಕಮ್ಮಾರರು ಮಾಡಿದ ಆಯುಧ. ಕೆಲಸದ ನಡುವೆ ಲೋಕಿ ನೊಣವಾಗಿ ಬಂದು ಕಚ್ಚಿದ್ದರಿಂದ ಹಿಡಿ ಗಿಡ್ಡವಾಯಿತು. ಅದನ್ನು ದೈತ್ಯನೊಬ್ಬ ಕದ್ದು ಅಡಗಿಸಿಯೂ ಇಟ್ಟಿದ್ದ. ಥಾರ್ ಮದುಮಗಳ ವೇಷ ತೊಟ್ಟು ಹೋಗಿ ಬಿಡಿಸಿಕೊಂಡು ಬರಬೇಕಾಯಿತು. ಕಳ್ಳನ ಯೋಗ್ಯತೆಯನ್ನು ಸುತ್ತಿಗೆ ವಿಚಾರಿಸಲಿಲ್ಲ. ಬಲವಿರುವವನು ಯೋಗ್ಯನೂ ಆಗಿರುತ್ತಾನೆ ಎಂಬುದು ಹೊಸ ಕಾಲದ ಆಸೆ. ಹಳಬರು ಲೋಕ ಕಂಡವರು, ಅಂಥ ಭರವಸೆ ಕೊಡಲಿಲ್ಲ.

ಲೋಕಿ ಮೂಲದಲ್ಲಿ ಓಡಿನ್‌ನ ಜೊತೆ ರಕ್ತ ಬೆರೆಸಿ ಸಹೋದರನಾದವನು. ಅವನ ತಂದೆ ಫಾರ್ಬೌಟಿ ಎಂಬ ದೈತ್ಯ, ತಾಯಿ ಲೌಫೆ. ಸಿನಿಮಾದಲ್ಲಿ ಲೌಫೆಯೇ ದೈತ್ಯರ ರಾಜನಾಗಿ, ಲೋಕಿಯ ತಂದೆಯಾಗಿಬಿಟ್ಟಿದ್ದಾನೆ! ಯುದ್ಧ ಗೆದ್ದ ಓಡಿನ್ ಶತ್ರುವಿನ ಹಸುಗೂಸನ್ನು ಎತ್ತಿ ತಂದು, ಸತ್ಯ ಮುಚ್ಚಿಟ್ಟು, ತನ್ನ ಮಗನೆಂದು ಸಾಕುತ್ತಾನೆ. ದೊಡ್ಡವನಾದ ಮೇಲೆ, ಮಕ್ಕಳನ್ನು ಹೆದರಿಸಲು ಯಾರ ಹೆಸರು ಹೇಳುತ್ತಾರೋ ಆ ಕುಲದವನು ತಾನು ಎಂದು ಲೋಕಿಗೆ ತಿಳಿಯುತ್ತದೆ. 2011ರ ಚಿತ್ರದಲ್ಲಿ ನೆನಪಿನಲ್ಲಿ ಉಳಿಯುವುದು ಈ ನೋವೇ. ನಿರ್ದೇಶಕ ಕೆನೆತ್ ಬ್ರಾನಾ ಶೇಕ್ಸ್‌ಪಿಯರ್ ನಾಟಕಗಳಲ್ಲಿ ಪಳಗಿದವನು. ಅದು ಇಲ್ಲಿ ಕಾಣುತ್ತದೆ. ಮೂಲದಲ್ಲಿ ಇಲ್ಲದ ಕಥೆ ನಿಜ. ಆದರೆ ಮನೆಯಲ್ಲೇ ಬೆಳೆದು, ಒಂದು ದಿನ ನೀನು ನಮ್ಮವನಲ್ಲ ಎನ್ನಿಸಿಕೊಳ್ಳುವ ಸಂಕಟ ಇಂದಿನ ಲೋಕದಲ್ಲಿ ಎಷ್ಟು ಜನರದ್ದು!

ಹೆಲ್ ಮೂಲದಲ್ಲಿ ಲೋಕಿಯ ಮಗಳು. ಮೈ ಅರ್ಧ ಕಪ್ಪುನೀಲಿ, ಅರ್ಧ ಮನುಷ್ಯರ ಬಣ್ಣ. ರೋಗದಿಂದ, ಮುಪ್ಪಿನಿಂದ ಸತ್ತವರೆಲ್ಲ ಅವಳ ಲೋಕಕ್ಕೆ ಹೋಗುತ್ತಾರೆ. 2017ರ ಚಿತ್ರದಲ್ಲಿ ಆಕೆ ‘ಹೆಲಾ’ ಎಂಬ ಹೆಸರಿನ ಓಡಿನ್‌ನ ಹಿರಿಮಗಳು, ಅವನ ಸೇನಾಪತಿ.

ಇನ್ನು ಬಾಲ್ಡರ್. ಎಲ್ಲರ ಪ್ರೀತಿಯ, ನಿರಪರಾಧಿ ದೇವರು. ಲೋಕಿಯ ಕುತಂತ್ರದಿಂದ, ಕುರುಡ ಸಹೋದರ ಎಸೆದ ಒಂದು ಎಳೆಯ ಗಿಡದ ಕಡ್ಡಿಯಿಂದ ಸಾಯುತ್ತಾನೆ. ಹಳೆಯ ಕಥೆಗಳ ಹೃದಯವೇ ಈ ಸಾವು. ನಾಲ್ಕು ಥಾರ್ ಚಿತ್ರಗಳಲ್ಲಿ ಅವನ ಕಥೆ ಬರುವುದೇ ಇಲ್ಲ. ಲೋಕಿಯನ್ನು ಪ್ರೇಕ್ಷಕರು ಪ್ರೀತಿಸಬೇಕಾದರೆ ಬಾಲ್ಡರ್‌ನ ಕೊಲೆಯನ್ನು ಹೇಳುವಂತಿಲ್ಲ.

ದೇವರ ಪ್ರಶ್ನೆಯನ್ನು ಸಿನಿಮಾ ಹೇಗೆ ನಿಭಾಯಿಸಿತು? ಸ್ನೋರಿಯ ಹಾದಿಯಲ್ಲೇ. ಇವರು ದೇವರುಗಳಲ್ಲ, ಬೇರೆ ಲೋಕದ ಬಲಶಾಲಿಗಳು, ಹಿಂದಿನವರು ತಿಳಿಯದೆ ಪೂಜಿಸಿದರು ಎಂದಿತು. 2012ರ ಅವೆಂಜರ್ಸ್ ಚಿತ್ರದಲ್ಲಿ, ಇವರು ದೇವರುಗಳಂತೆ ಎಂದು ಯಾರೋ ಹೇಳಿದಾಗ ಕ್ಯಾಪ್ಟನ್ ಅಮೆರಿಕ, ದೇವರು ಒಬ್ಬನೇ, ಅವನು ಇಂಥ ಬಟ್ಟೆ ತೊಡುವವನಲ್ಲ ಎನ್ನುತ್ತಾನೆ. ಸ್ನೋರಿ ಅವರನ್ನು ಟ್ರಾಯ್‌ನಿಂದ ಕರೆತಂದ, ಹಾಲಿವುಡ್ ಆಕಾಶದಿಂದ ಕರೆತಂದಿತು. ಎಂಟುನೂರು ವರ್ಷಗಳ ಅಂತರದಲ್ಲಿ ಇಬ್ಬರು ಕಥೆಗಾರರಿಗೆ ಹೊಳೆದದ್ದು ಒಂದೇ ಉಪಾಯ.

ಆದರೂ ಗಲಾಟೆ ಎದ್ದದ್ದು ಇದ್ಯಾವುದಕ್ಕೂ ಅಲ್ಲ. ದೇವಲೋಕದ ಕಾವಲುಗಾರ ಹೈಮ್ಡಾಲ್‌ನ ಪಾತ್ರವನ್ನು ಕಪ್ಪು ವರ್ಣದ ನಟ ಇದ್ರಿಸ್ ಎಲ್ಬಾಗೆ ಕೊಟ್ಟದ್ದಕ್ಕೆ. ಹಳೆಯ ಪದ್ಯವೊಂದರಲ್ಲಿ ಹೈಮ್ಡಾಲ್‌ನನ್ನು ದೇವರುಗಳಲ್ಲೆಲ್ಲ ಬಿಳಿಯನು ಎಂದಿದೆ. ಅದನ್ನು ಹಿಡಿದು ಅಮೆರಿಕದ ಬಿಳಿಯರ ಸಂಘಟನೆಯೊಂದು ಚಿತ್ರ ಬಹಿಷ್ಕರಿಸಲು ಕರೆಕೊಟ್ಟಿತು. ಸುತ್ತಿಗೆ ಹಾರಿ ಬಂದು ಕೈಸೇರುವುದು ಸರಿ, ನನ್ನ ಚರ್ಮದ ಬಣ್ಣ ಮಾತ್ರ ತಪ್ಪೇ ಎಂದು ಎಲ್ಬಾ ಕೇಳಿದ. ಲೌಫೆ ಹೆಣ್ಣಿನಿಂದ ಗಂಡಾದಾಗ, ಬಾಲ್ಡರ್ ಕಾಣೆಯಾದಾಗ ಇಂಥ ಬಹಿಷ್ಕಾರದ ಕರೆ ಕೇಳಿಸಲಿಲ್ಲ. ಪುರಾಣದ ಮೇಲಿನ ಭಕ್ತಿ ಎಚ್ಚರಗೊಂಡದ್ದು ಕಪ್ಪು ಮುಖ ಕಂಡಾಗ ಮಾತ್ರ. ಅದು ಭಕ್ತಿಯಲ್ಲ ಎಂದು ಬೇರೆ ಹೇಳಬೇಕೇ?

ಚಾವಣಿಯ ಹಿಂದಿನ ಚಿತ್ರ

ನಾಲ್ಕರಲ್ಲಿ ಹೆಚ್ಚು ಯೋಚಿಸತಕ್ಕದ್ದು 2017ರ ‘ಥಾರ್: ರಾಗ್ನರೋಕ್’. ನಿರ್ದೇಶಕ ಟೈಕಾ ವೈಟಿಟಿ ನ್ಯೂಜಿಲೆಂಡಿನವನು. ತಂದೆಯ ಕಡೆಯಿಂದ ಮಾವೊರಿ ಮೂಲನಿವಾಸಿ, ತಾಯಿಯ ಕಡೆಯಿಂದ ಯಹೂದಿ ರಕ್ತವೂ ಇದೆ. ಚಿತ್ರ ಜಗತ್ತಿನಾದ್ಯಂತ 85 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಮೇಲ್ನೋಟಕ್ಕೆ ಅದು ಹಾಸ್ಯ ಚಿತ್ರ.

ಅದರಲ್ಲೊಂದು ದೃಶ್ಯವಿದೆ. ಸೆರೆಯಿಂದ ಬಿಡಿಸಿಕೊಂಡು ಬಂದ ಹೆಲಾ ಅರಮನೆಯ ಚಾವಣಿಯನ್ನು ನೋಡುತ್ತಾಳೆ. ಅಲ್ಲಿ ಬಣ್ಣದ ಚಿತ್ರಗಳು: ಓಡಿನ್, ಅವನ ಕುಟುಂಬ, ಶಾಂತಿ, ಒಪ್ಪಂದ. ಅವಳು ಅದನ್ನು ಒಡೆದು ಕೆಡಹುತ್ತಾಳೆ. ಹಿಂದೆ ಇನ್ನೊಂದು ಚಿತ್ರಮಾಲೆ ಇದೆ: ಯುದ್ಧ, ಬೆಂಕಿ, ಸೆರೆಯಾಳುಗಳು, ಓಡಿನ್‌ನ ಪಕ್ಕದಲ್ಲಿ ಆಯುಧ ಹಿಡಿದ ಮಗಳು. ಈ ಚಿನ್ನವೆಲ್ಲ ಎಲ್ಲಿಂದ ಬಂತೆಂದುಕೊಂಡಿರಿ ಎಂಬುದು ಅವಳ ಪ್ರಶ್ನೆಯ ಸಾರ. ವಸಾಹತಿನ ಪೆಟ್ಟು ತಿಂದ ಜನಾಂಗದ ನಿರ್ದೇಶಕನಿಗೆ ಇಂಥ ದೃಶ್ಯ ಹೊಳೆದದ್ದರಲ್ಲಿ ಆಶ್ಚರ್ಯವಿಲ್ಲ. ಮೂಲ ಪುರಾಣದಲ್ಲಿ ಈ ದೃಶ್ಯವಿಲ್ಲ. ಆದರೆ ವೈಕಿಂಗರ ಇತಿಹಾಸದಲ್ಲಿ ಇದೆ. ಸ್ಪಿಲ್ಲಿಂಗ್ಸ್‌ನ ಬೆಳ್ಳಿಯಲ್ಲಿ ಇದೆ. ಬದಲಾವಣೆಯೊಂದು ಮೂಲಕ್ಕಿಂತ ಹೆಚ್ಚಿನ ಸತ್ಯ ಹೇಳಬಲ್ಲದು ಎಂಬುದಕ್ಕೆ ಇದು ಉದಾಹರಣೆ.

ಅದೇ ಸಿನಿಮಾ ಕಳೆದುಕೊಂಡದ್ದೂ ಇದೆ. ರಾಗ್ನರೋಕ್ ಎಂದರೆ ದೇವರುಗಳ ಅಂತ್ಯ. ಅದು ಬರುತ್ತದೆಂದು ದೇವರುಗಳಿಗೆ ಮೊದಲೇ ಗೊತ್ತು. ಓಡಿನ್‌ನನ್ನು ತೋಳ ನುಂಗುತ್ತದೆ. ಹೈಮ್ಡಾಲ್ ಮತ್ತು ಲೋಕಿ ಒಬ್ಬರನ್ನೊಬ್ಬರು ಕೊಲ್ಲುತ್ತಾರೆ. ಥಾರ್ ಮಹಾಸರ್ಪವನ್ನು ಕೊಂದು, ಅದರ ವಿಷದಿಂದ ಒಂಬತ್ತು ಹೆಜ್ಜೆ ಇಟ್ಟು ಬೀಳುತ್ತಾನೆ. ಸುರ್ತ್‌ನ ಬೆಂಕಿ ಲೋಕವನ್ನು ಸುಡುತ್ತದೆ. ಸೋಲುತ್ತೇವೆಂದು ತಿಳಿದೂ ಹೋರಾಡುವುದೇ ಆ ಕಥೆಗಳ ಘನತೆ. ಸಿನಿಮಾದಲ್ಲಿ ರಾಗ್ನರೋಕ್ ಒಂದು ತಂತ್ರ: ಹೆಲಾಳನ್ನು ಸೋಲಿಸಲು ಥಾರ್ ತಾನೇ ಸುರ್ತ್‌ನನ್ನು ಎಬ್ಬಿಸಿ ನಗರವನ್ನು ಸುಡಿಸುತ್ತಾನೆ. ಮುಂದಿನ ಚಿತ್ರಕ್ಕೆ ನಾಯಕ ಬೇಕಲ್ಲ, ಅವನು ಒಂಬತ್ತು ಹೆಜ್ಜೆ ಇಟ್ಟು ಬೀಳುವಂತಿಲ್ಲ. ಸ್ನೋರಿ ದೇವರುಗಳನ್ನು ಮನುಷ್ಯರನ್ನಾಗಿ ಮಾಡಿದರೂ ಅವರ ಸಾವನ್ನು ಕಸಿಯಲಿಲ್ಲ. ಮಾರುಕಟ್ಟೆ ಅದನ್ನು ಕಸಿಯಿತು.

ಆದರೂ ಚಿತ್ರದ ಕೊನೆ ಮನಸ್ಸು ತಟ್ಟುತ್ತದೆ. ಊರು ಸುಟ್ಟುಹೋಗಿದೆ; ಉಳಿದ ಜನ ಒಂದು ಹಡಗು ಹತ್ತಿದ್ದಾರೆ. ನಾಡೆಂದರೆ ನೆಲವಲ್ಲ, ಅದರ ಜನ ಎಂಬ ಮಾತು ಅಲ್ಲಿ ಬರುತ್ತದೆ. 2019ರ ಚಿತ್ರದಲ್ಲಿ ಅವರು ನಾರ್ವೆಯ ಟನ್ಸ್‌ಬರ್ಗ್‌ನಲ್ಲಿ ಮೀನುಗಾರರ ನಡುವೆ ನಿರಾಶ್ರಿತರಾಗಿ ನೆಲೆಸಿರುತ್ತಾರೆ. ಒಂದು ಕಾಲಕ್ಕೆ ಪೂಜಿಸಿದವರ ನಾಡಿನಲ್ಲೇ ದೇವರುಗಳು ಆಶ್ರಯ ಕೇಳಿ ಬಂದಂತೆ. ಯುರೋಪಿನ ದಡಕ್ಕೆ ದೋಣಿಗಳಲ್ಲಿ ಜನ ಬರುತ್ತಿದ್ದ ವರ್ಷಗಳಲ್ಲೇ ಬಂದ ಚಿತ್ರಗಳಿವು.

ಕೊನೆಗೆ ಆ ಹುಡುಗಿಯ ವಿಷಯ. 2013ರ ಚಿತ್ರದಲ್ಲಿ ಥಾರ್‌ನ ತಾಯಿಯ ಅಂತ್ಯಸಂಸ್ಕಾರವಿದೆ. ರಾತ್ರಿ, ನೀರು, ಉರಿಯುತ್ತ ತೇಲುವ ದೋಣಿಗಳು. ನೋಡಲು ತುಂಬ ಸುಂದರ. ಅಲ್ಲಿ ಗುಲಾಮ ಹುಡುಗಿಯಿಲ್ಲ, ಬಾಗಿಲ ಚೌಕಟ್ಟಿಲ್ಲ, ಮುದುಕಿಯಿಲ್ಲ. ಮಕ್ಕಳೂ ನೋಡುವ ಚಿತ್ರದಲ್ಲಿ ಅದು ಇರಬೇಕೆಂದು ನಾನು ಹೇಳುವುದಿಲ್ಲ. ಆದರೆ ಸ್ನೋರಿಯ ಪುಸ್ತಕದಲ್ಲೂ ಅವಳಿಲ್ಲ. ಅಲ್ಲಿ ಬಾಲ್ಡರ್‌ನ ಹಡಗಿನ ಚಿತೆಯಲ್ಲಿ ಅವನ ಹೆಂಡತಿ ನನ್ನಾಳನ್ನೂ ಇಡುತ್ತಾರೆ. ಆಕೆ ದುಃಖದಿಂದ ಎದೆಯೊಡೆದು ಸತ್ತಳು ಎಂದು ಬರೆದಿದೆ. ಯಾರೂ ಕೊಲ್ಲಲಿಲ್ಲವಂತೆ, ತಾನೇ ಸತ್ತಳಂತೆ. ಕಥೆ ತೊಳೆದು ಶುದ್ಧವಾಗತೊಡಗಿದ್ದು ಸಿನಿಮಾದಲ್ಲಿ ಅಲ್ಲ.

ಆದ್ದರಿಂದ ಸಿನಿಮಾ ಪುರಾಣವನ್ನು ಬದಲಾಯಿಸಿತೇ ಎಂಬ ಪ್ರಶ್ನೆ ದೊಡ್ಡದಲ್ಲ. ಬದಲಾಯಿಸದೆ ಯಾರೂ ಹೇಳಿಲ್ಲ. ಕೇಳಬೇಕಾದದ್ದು, ಬದಲಾವಣೆಯಲ್ಲಿ ಯಾರ ದನಿ ಕೇಳಿಸಿತು, ಯಾರ ದನಿ ಗುರಾಣಿಗಳ ಸದ್ದಿನಲ್ಲಿ ಮುಳುಗಿತು ಎಂಬುದು. ಇದು ಉತ್ತರದವರ ಕಥೆಗಳಿಗೆ ಮಾತ್ರ ಕೇಳುವ ಪ್ರಶ್ನೆಯೂ ಅಲ್ಲ.

ಬಂದರಿಗೆ ಮರಳಿದ ಆ 45 ಹಾಳೆಗಳ ಪುಸ್ತಕದ ಮೊದಲ ಪದ್ಯದಲ್ಲಿ ಲೋಕ ಸುಟ್ಟುಹೋದ ಮೇಲಿನ ಮಾತೂ ಇದೆ. ಸಮುದ್ರದಿಂದ ಭೂಮಿ ಮತ್ತೆ ಹಸಿರಾಗಿ ಏಳುತ್ತದೆ. ಬಾಲ್ಡರ್ ಮರಳಿ ಬರುತ್ತಾನೆ. ಉಳಿದವರಿಗೆ ಹುಲ್ಲಿನಲ್ಲಿ, ಹಿಂದಿನವರು ಆಡುತ್ತಿದ್ದ ಆಟದ ಚಿನ್ನದ ಕಾಯಿಗಳು ಸಿಗುತ್ತವೆ. ನಮ್ಮ ಮಕ್ಕಳು ಸಿನಿಮಾ ನೋಡಿ ಬಂದಾಗ ಬೈಯುವ ಬದಲು, ಆ ಕಾಯಿಗಳು ಎಲ್ಲಿಂದ ಬಂದವು ಎಂಬ ಕಥೆಯನ್ನು ಅವರಿಗೆ ಹೇಳಬಹುದು. ಹೆಸರಿಲ್ಲದ ಆ ಹುಡುಗಿಯ ಕಥೆಯನ್ನೂ, ಅವರು ಸ್ವಲ್ಪ ದೊಡ್ಡವರಾದ ಮೇಲೆ.